ಗುಬ್ಬಿ ಪಿಕಪ್ ಕ್ಯಾನ್ಸಲ್

ಹನ್ನೊಂದು ಜನರನ್ನು ಏರ್‌ಪೋರ್ಟಿಗೆ ಕರೆದೊಯ್ಯುವ ಗಾಡಿ ಬುಕ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಇಂಥ ಕೆಲಸಗಳೆಲ್ಲ ಬರುತ್ತಿದ್ದುದು ನನಗೇ. "ನೀವ್ ಮಾಡಿದ್ರೆ ನೀಟಾಗಿರುತ್ತೆ ಮೇಡಂ" ಎಂದು ಒಂದು ಮಾತು ಹೇಳಿದರೆ ನಾನು ಊಟದ ಹೊತ್ತನ್ನೂ ಬಿಟ್ಟು ಮಾಡುತ್ತೇನೆಂದು ಸೆಕ್ಷನ್ನಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವ ಕೆಲಸ ನನ್ನದು. ಹೊಸ ಮೆಷಿನ್ನುಗಳು ಬರುವುದಿತ್ತು. ಅವುಗಳನ್ನು ಕಲಿಯಲು ಪುಣೆಯಲ್ಲಿ ಆರು ವಾರ ತರಬೇತಿ. ಹೋಗಿಬಂದವರಿಗೆ ಹೊಸ ಲೈನಿನ ಜವಾಬ್ದಾರಿ. ಹೋಗುವವರು ಒಟ್ಟು ಹನ್ನೊಂದು ಜನ, ಕ್ವಾಲಿಟಿಯಿಂದ ಒಬ್ಬರಿಗೆ ಮಾತ್ರ ಅವಕಾಶ. ಅದಕ್ಕೊಂದು ಪರೀಕ್ಷೆ ಇಟ್ಟರು. ನಾನು ಮೊದಲು ಬಂದೆ. ನನ್ನ ಗೆಳತಿ, ಕುಣಿಗಲ್ಲಿನವಳು, ಎರಡನೆಯವಳು. ಮ್ಯಾನೇಜರು ಎಲ್ಲರೆದುರಿಗೆ ನನ್ನ ಹೆಸರು ಹೇಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಜೋರಾಗಿ ತಟ್ಟಿದವಳು ಅವಳೇ.

ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೇ ಮೊದಲು. ಬಿ.ಇ.ಯಲ್ಲಿ ಎರಡು ಸಬ್ಜೆಕ್ಟ್ ಹೋಗಿತ್ತು, ಮತ್ತೆ ಕಟ್ಟಿ ಪಾಸು ಮಾಡಿ ಮುಗಿಸಿದೆ. ಹೋಗಿದ್ದನ್ನೂ ಮುಚ್ಚಿಡುವುದಿಲ್ಲ, ಮುಗಿಸಿದ್ದನ್ನೂ ಮುಚ್ಚಿಡುವುದಿಲ್ಲ. ಅಪ್ಪ ಗುಬ್ಬಿಯಲ್ಲಿ ಗಾಡಿಗಳಿಗೆ ಸೀಟು ಹೊಲಿಯುತ್ತಾರೆ. ಅಮ್ಮ ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ತೀರಿಹೋದರು. ಆಮೇಲೆ ಮನೆಯಲ್ಲಿ ನಾವಿಬ್ಬರೇ.

ಗಾಡಿ ಬುಕ್ ಮಾಡುವ ವೆಬ್‌ಸೈಟಿನ ಫಾರಂ ಕೇಳಿದ್ದಕ್ಕೆಲ್ಲ ಉತ್ತರ ತುಂಬಲು ಎರಡು ದಿನ ಹಿಡಿಯಿತು. ಎಷ್ಟು ಜನ, ವಿಮಾನ ಎಷ್ಟು ಹೊತ್ತಿಗೆ, ದೊಡ್ಡ ಬ್ಯಾಗು ಎಷ್ಟು, ಸಣ್ಣವು ಎಷ್ಟು, ಯಾರನ್ನು ಎಲ್ಲಿ ಹತ್ತಿಸಿಕೊಳ್ಳಬೇಕು. ಊರ್ಡಿಗೆರೆ ಕಡೆಯ ಫಿಟ್ಟರ್ ಒಬ್ಬರು ತಮ್ಮದು ಒಂದು ಬ್ಯಾಗು, ಒಂದು ಚೀಲ ಎಂದರು.

"ಚೀಲದಲ್ಲಿ ಏನಣ್ಣ?"

"ರಾಗಿ ಹಿಟ್ಟು. ಆರು ವಾರ ಚಪಾತಿ ತಿನ್ಕೊಂಡು ಬದುಕಕ್ಕಾಯ್ತದಾ ಮೇಡಂ?"

"ಪ್ಲೇನಲ್ಲಿ ಬಿಡಲ್ಲ ಅಂದ್ರೆ?"

"ಅಲ್ಲೇ ಮುದ್ದೆ ತಿರುವಿ ಅವರ್ಗೂ ಒಂದೊಂದ್ ಕೊಡನ ಬುಡಿ."

ನಗುತ್ತ ಚೀಲವನ್ನೂ ಸೇರಿಸಿದೆ. ಹನ್ನೆರಡು ಸೀಟಿನ ಟೆಂಪೊ ಟ್ರಾವೆಲರ್. ಮೊದಲು ಗುಬ್ಬಿ, ಆಮೇಲೆ ತುಮಕೂರು, ಹಿರೇಹಳ್ಳಿ ಹತ್ತಿರ ಹೈವೇಯಲ್ಲಿ ಇಬ್ಬರು, ಅಲ್ಲಿಂದ ನೇರ ಏರ್‌ಪೋರ್ಟ್. ಗುಬ್ಬಿಯಲ್ಲಿ ಹತ್ತುವವಳು ನಾನೊಬ್ಬಳೇ. ಬಸ್ಸಿನಲ್ಲಿ ತುಮಕೂರಿಗೆ ಹೋಗಿ ಅಲ್ಲಿ ಹತ್ತಬಹುದಿತ್ತು. ಆದರೆ ಗಾಡಿ ನಮ್ಮ ಬೀದಿಯ ತುದಿಗೆ ಬರಬೇಕು, ನಾನು ಹತ್ತುವುದನ್ನು ಅಪ್ಪ ನೋಡಬೇಕು ಎಂಬ ಆಸೆ ನನಗೆ.

ಅಪ್ಪನ ಆಸೆ ಇನ್ನೊಂದು ಥರದ್ದು.

"ಪುಶ್‌ಬ್ಯಾಕ್ ಸೀಟಾ?"

"ಹೂಂ."

"ಮೂರನೇ ಸಾಲಲ್ಲಿ ಕಿಟಕಿ ಪಕ್ಕ ಕೂತ್ಕೊ. ಹಿಂದ್ಗಡೆ ಚಕ್ರದ ಮೇಲ್ ಕೂತ್ರೆ ಎತ್ತಾಕ್ತದೆ. ಮುಂದೆ ಕೂತ್ರೆ ಡ್ರೈವರ್ ಹಾಡು."

ಅಷ್ಟೂ ವರ್ಷ ಟೆಂಪೊಗಳ ಸೀಟು ಬಿಚ್ಚಿ ಹೊಲಿದವರು. ಅಂಥ ಗಾಡಿಯಲ್ಲಿ ಕೂತು ಒಂದು ಊರಿಗೂ ಹೋದವರಲ್ಲ. ಯಾರದೋ ಹಳೇ ಸೂಟ್‌ಕೇಸ್ ತಂದು ಹೊಸ ಜಿಪ್ ಹಾಕಿದರು. ಸೀಟಿಗೆ ಹಾಕಿ ಉಳಿದಿದ್ದ ಮರೂನ್ ರೆಕ್ಸಿನ್‌ನಲ್ಲಿ ಅದಕ್ಕೊಂದು ಕವರ್ ಹೊಲಿದರು. ಅಂಚಿಗೆ ಬಿಳಿ ಪೈಪಿಂಗ್ ಬೇರೆ.

ಬುಕಿಂಗ್ ಖಚಿತವಾದ ಮೆಸೇಜು ಬಂದಾಗ ಅದನ್ನು ಗೆಳತಿಗೆ ಕಳಿಸಿದೆ. ಗಾಡಿಯ ಓನರ್ ನಂಬರ್, ಪಿಕಪ್ ಸಮಯ ಎಲ್ಲ ಅದರಲ್ಲಿತ್ತು. "ನೋಡೇ, ಗಾಡಿ ನಮ್ ಬೀದಿಗೇ ಬರುತ್ತೆ" ಎಂದು ಬರೆದಿದ್ದೆ. ಅವಳು ಮೂರು ಹೃದಯ ಕಳಿಸಿದ್ದಳು.

ಹೊರಡಲು ಮೂರು ದಿನ ಇದ್ದಾಗ ಮಧ್ಯಾಹ್ನ ಗಾಡಿಯ ಓನರ್ ಫೋನ್ ಮಾಡಿದರು.

"ಮೇಡಂ, ಬುಕಿಂಗ್ ನಿಮ್ ಹೆಸರಲ್ಲಿದೆ, ಅದಕ್ಕೆ ಒಂದ್ ಮಾತು ಕೇಳಣ ಅಂತ. ಗುಬ್ಬಿ ಪಿಕಪ್ ಕ್ಯಾನ್ಸಲ್ ಅಂತೆ? ಅದರ ಬದಲು ಕುಣಿಗಲ್ಲಂತೆ?"

"ಯಾರ್ ಹೇಳಿದ್ದು?"

"ಕುಣಿಗಲ್ ಮೇಡಮ್ಮೇ ಫೋನ್ ಮಾಡಿದ್ರು. ಅವರ ಮನೆ ಲೊಕೇಶನ್ನೂ ಕಳಿಸವ್ರೆ. ನಂಗೇನಿಲ್ಲ, ನೀವು ಓಕೆ ಅಂದ್ರೆ ಚೇಂಜ್ ಮಾಡ್ತೀನಿ."

ಆಮೇಲೆ ಹೇಳುತ್ತೇನೆಂದು ಫೋನ್ ಇಟ್ಟೆ. ಏನೋ ತಪ್ಪು ತಿಳಿದುಕೊಂಡಿರಬೇಕು, ಅವಳಿಗೂ ಒಂದು ಸೀಟು ಸಿಕ್ಕಿರಬೇಕು, ಖುಷಿಯಲ್ಲಿ ನನಗೆ ಹೇಳುವುದನ್ನು ಮರೆತಿರಬೇಕು ಎಂದುಕೊಂಡೇ ಮ್ಯಾನೇಜರ ಕೋಣೆಗೆ ಹೋದೆ. ನಿಜವಾಗಿಯೂ ಹಾಗೆಯೇ ಅಂದುಕೊಂಡಿದ್ದೆ.

ಮ್ಯಾನೇಜರು ಒಳ್ಳೆಯವರು. ಕೂರಲು ಹೇಳಿ, ನನ್ನ ಮುಖ ನೋಡದೆ ಮಾತಾಡಿದರು.

"ನಿಮಗೆ ಸಂಕೋಚ ಆಗುತ್ತೆ ಅಂತ ನಾನೇ ಕರೆದು ಕೇಳಲಿಲ್ಲಮ್ಮ. ಮನೇಲಿ ಒಪ್ತಿಲ್ಲ ಅಂತ ಗೊತ್ತಾಯ್ತು. ಆರು ವಾರ, ಗೊತ್ತಿಲ್ಲದ ಊರು. ತಂದೆಯವರಿಗೂ ಭಯ ಇರುತ್ತೆ. ನಮ್ಮನೇಲೂ ಮಗಳಿದಾಳೆ, ಅರ್ಥ ಆಗುತ್ತೆ."

"ಸರ್, ಯಾರು ಹೇಳಿದ್ದು?"

"ನಿಮ್ ಫ್ರೆಂಡೇ. ನೀವು ಬಾಯ್ಬಿಟ್ಟು ಹೇಳಲ್ಲ, ಒಳಗೊಳಗೇ ಕೊರಗ್ತಿದೀರ ಅಂದ್ರು. ನಿಮ್ಮ ಹೆಸರು ತೆಗೆದು ಎರಡನೆಯವರನ್ನ ಹಾಕಿದ್ದೀವಿ. ಟಿಕೆಟ್ ಆಗಿದೆ."

ನಮ್ಮಪ್ಪ ಬೇಡ ಎಂದಿಲ್ಲ, ಸೂಟ್‌ಕೇಸಿಗೆ ಕವರ್ ಹೊಲಿದಿದ್ದಾರೆ ಎಂದೆ. ಹೇಳಿದ ಮೇಲೆ ಆ ಮಾತು ಆ ಕೋಣೆಯಲ್ಲಿ ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ ನನಗೇ ನಾಚಿಕೆಯಾಯಿತು. ಹೆಡ್ ಆಫೀಸಿಗೆ ಕೇಳಿನೋಡುತ್ತೇನೆ ಎಂದರು ಅವರು.

ಇಲ್ಲಿ ಒಂದು ಹಳೆಯ ವಿಷಯ ಹೇಳದಿದ್ದರೆ ನಾನೂ ಸುಳ್ಳು ಬರೆದಂತೆ.

ಓದುವಾಗ ಗೆಳತಿ, ನಾನು ತುಮಕೂರಿನ ಒಂದೇ ಹಾಸ್ಟೆಲ್ ಕೋಣೆಯಲ್ಲಿದ್ದೆವು. ಕಾಲೇಜಿನಿಂದ ಆಗಾಗ ಟೂರು, ಫ್ಯಾಕ್ಟರಿ ನೋಡುವ ಪ್ರವಾಸ ಹೋಗುತ್ತಿದ್ದರು. ದುಡ್ಡು ಕಟ್ಟಬೇಕಿತ್ತು, ನನ್ನ ಹತ್ತಿರ ಇರುತ್ತಿರಲಿಲ್ಲ. ದುಡ್ಡಿಲ್ಲ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಅದಕ್ಕೆ "ಮನೇಲಿ ಬಿಡಲ್ಲ, ನಮ್ಮಪ್ಪ ತುಂಬಾ ಸ್ಟ್ರಿಕ್ಟು" ಎಂದುಬಿಡುತ್ತಿದ್ದೆ. ಹುಡುಗಿ ಈ ಮಾತು ಹೇಳಿದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಲೆಕ್ಚರರು ಕೂಡ ತಲೆ ಆಡಿಸಿ ಮುಂದಿನ ಹೆಸರು ಕರೆಯುತ್ತಿದ್ದರು.

ಒಂದು ಸಲ ಎಲ್ಲರೂ ಟೂರು ಹೋದಾಗ ಜ್ವರ ಬಂದು ಅವಳೂ ಉಳಿದುಕೊಂಡಳು. ಇಡೀ ಹಾಸ್ಟೆಲ್ಲಿನಲ್ಲಿ ನಾವಿಬ್ಬರೇ. ಗಂಜಿ ಕಾಯಿಸಿ ಕೊಟ್ಟೆ. ಕುಡಿಯುತ್ತ ಅವಳು, "ನಿಮ್ಮಪ್ಪ ಯಾಕೇ ಅಷ್ಟು ಕೆಟ್ಟವ್ರು?" ಎಂದಳು. ನನಗೆ ತಡೆಯಲಾಗಲಿಲ್ಲ. ಅಪ್ಪ ಕೆಟ್ಟವರಲ್ಲ, ಬಿಡಲ್ಲ ಎಂದು ಅವರು ಒಂದು ದಿನವೂ ಹೇಳಿಲ್ಲ, ನಾನು ಕೇಳಿಯೇ ಇಲ್ಲ, ದುಡ್ಡಿರಲಿಲ್ಲ ಅಷ್ಟೆ ಎಂದು ಎಲ್ಲ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು, "ಯಾರಿಗೂ ಹೇಳಲ್ಲ ಕಣೇ" ಎಂದಳು. ಹೇಳಲಿಲ್ಲ ಕೂಡ. ನನ್ನ ಸುಳ್ಳು ಸುಳ್ಳೆಂದು ಈ ಲೋಕದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಅದನ್ನೇ ತೆಗೆದುಕೊಂಡು ಹೋಗಿ ಮ್ಯಾನೇಜರ ಮೇಜಿನ ಮೇಲೆ ನಿಜವೆಂದು ಇಟ್ಟಿದ್ದಳು.

ಆ ಸಂಜೆ ಕಂಪನಿ ಬಸ್ಸಿನ ಹತ್ತಿರ ಅವಳನ್ನು ನಿಲ್ಲಿಸಿದೆ.

"ನಮ್ಮಪ್ಪ ಬಿಡಲ್ಲ ಅಂತ ನಿಂಗೆ ಯಾರೇ ಹೇಳಿದ್ದು?"

ಅವಳು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. "ನೀನೇ ಹೇಳ್ತಿದ್ದೆ ಅಲ್ವಾ."

"ಅದು ಯಾಕ್ ಹೇಳ್ತಿದ್ದೆ ಅಂತ ನಿಂಗೊತ್ತಿಲ್ವಾ?"

"ಗೊತ್ತು ಕಣೇ."

ಗೊತ್ತು ಎಂದಳು. ಇಲ್ಲ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.

"ನಮ್ಮನೇಲಿ ಗಂಡು ನೋಡ್ತಾವ್ರೆ," ಎಂದಳು. "ಕಂಪನಿ ಕಳಿಸ್ತಾ ಇದೆ, ಹೋಗ್ಲೇಬೇಕು ಅಂದ್ರೆ ಸುಮ್ನಿರ್ತಾರೆ. ಬಂದ್ಮೇಲೆ ಲೈನ್ ಇನ್‌ಚಾರ್ಜ್ ಆದ್ರೆ ಒಂದ್ ವರ್ಷ ಆದ್ರೂ ಮದುವೆ ಮಾತು ಎತ್ತಲ್ಲ. ನಿಮ್ಮಪ್ಪ ನಿನ್ನನ್ನ ಈ ಸಲಾನೂ ಬಿಡ್ತಾರೆ, ಮುಂದಿನ್ ಸಲಾನೂ ಬಿಡ್ತಾರೆ. ನಂಗೆ ಇದೊಂದೇ ಸಲ."

"ಅದಕ್ಕೆ ನಮ್ಮಪ್ಪನ್ನ ಕೆಟ್ಟೋರ್ ಮಾಡಿದ್ಯಾ?"

"ಮೊದಲು ಮಾಡಿದ್ದು ನೀನೇ ಅಲ್ವೇನೇ?"

ಬಸ್ಸಿನವನು ಹಾರ್ನ್ ಹೊಡೆದ. ಅವಳು ಹತ್ತಿಕೊಂಡಳು. ದಿನಾ ಒಟ್ಟಿಗೆ ಕೂರುತ್ತಿದ್ದ ಸೀಟಿನಲ್ಲಿ ಅವಳೊಬ್ಬಳೇ ಕೂತಳು, ನಾನು ಹಿಂದೆ ಹೋಗಿ ಕೂತೆ. ತುಮಕೂರಿನ ತನಕ ಅವಳ ಜಡೆ ಕಾಣುತ್ತಿತ್ತು. ಅವಳ ಕಷ್ಟ ನಿಜವೇ. ನನಗೂ ಅದು ಗೊತ್ತು. ಆದರೂ ಆ ಜಡೆಯನ್ನು ನೋಡುತ್ತ ನನಗೆ ಕನಿಕರ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಈಗ ಅವಳು ಲೈನ್ ಇನ್‌ಚಾರ್ಜ್. ನಾನು ಬರೆದ ರಿಪೋರ್ಟಿನ ಕೆಳಗೆ ಅವಳ ಸಹಿ ಬೀಳುತ್ತದೆ. ಕೆಲಸದ ಮಾತು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಮಾತಿಲ್ಲ.

ಹೊರಡುವ ಹಿಂದಿನ ಸಂಜೆಯ ತನಕ ಮ್ಯಾನೇಜರ ಫೋನಿಗೆ ಕಾದೆ. ಆರು ಗಂಟೆಗೆ ಬಂತು. "ಆಗಲಿಲ್ಲಮ್ಮ. ಮುಂದಿನ ಬ್ಯಾಚಿನಲ್ಲಿ ನೋಡೋಣ." ಆಮೇಲೆ ಗಾಡಿಯ ಓನರಿಗೆ ನಾನೇ ಫೋನ್ ಮಾಡಿ, "ಗುಬ್ಬಿ ತೆಗೆದು ಕುಣಿಗಲ್ ಹಾಕಿ" ಎಂದೆ. ಬುಕಿಂಗ್ ನನ್ನ ಹೆಸರಿನಲ್ಲಿತ್ತು, ಪೂರ್ತಿ ಕ್ಯಾನ್ಸಲ್ ಮಾಡಲೂಬಹುದಿತ್ತು. ಉಳಿದ ಹತ್ತು ಜನ ಏನು ತಪ್ಪು ಮಾಡಿದ್ದರು?

ಅಪ್ಪನಿಗೆ ಹೇಳಬೇಕೆಂದು ಬಾಯಿ ತೆಗೆದೆ. ಅವರು ಸೂಟ್‌ಕೇಸಿನ ಹಿಡಿಗೆ ಬಟ್ಟೆ ಸುತ್ತುತ್ತಿದ್ದರು, ಕೈಗೆ ಒತ್ತಬಾರದೆಂದು. ಬಾಯಿ ಮುಚ್ಚಿದೆ.

ಬೆಳಗ್ಗೆ ಅವರು ನನಗಿಂತ ಮುಂಚೆ ಎದ್ದು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಸೂಟ್‌ಕೇಸ್ ಎತ್ತಿಕೊಂಡು ಬೀದಿಯ ತುದಿಗೆ ಹೋಗಿ ನಿಂತಿದ್ದರು. ಹೇಳಿಬಿಡಬೇಕೆಂದು ಹಿಂದೆಯೇ ಓಡಿದೆ. ಹಾಲಿನ ಅಂಗಡಿಯವರಿಗೆ ಆಗಲೇ ಸುದ್ದಿ ಮುಟ್ಟಿಸಿಯಾಗಿತ್ತು. "ಏನ್ ಯಜಮಾನ್ರೆ, ಮಗಳು ಪ್ಲೇನ್ ಹತ್ತುತ್ತಾಳಂತೆ?" ಎಂದು ಅವರು ಕೇಳಿದರೆ, "ಮೊದಲು ಟೆಂಪೊ ಹತ್ಲಿ ತಡಿ" ಎಂದು ಅಪ್ಪ ನಗುತ್ತಿದ್ದರು.

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಟೆಂಪೊದ್ದೇ ಎಂದು ಅಪ್ಪ ಕೈಯಿಂದ ಕಿತ್ತುಕೊಂಡು ಸ್ಪೀಕರಿಗೆ ಹಾಕಿ "ಹಲೋ" ಎಂದರು. ಓನರ್ ಅಲ್ಲ, ಗಾಡಿ ಓಡಿಸುವ ಡ್ರೈವರ್. ಅವನಿಗೆ ನಾವು ಯಾರೆಂದು ಗೊತ್ತಿರಲಿಲ್ಲ. ಬುಕ್ ಮಾಡಿದ್ದು ಕಂಪನಿ ಆಫೀಸೆಂದು ತಿಳಿದಿದ್ದ.

"ಸಾರ್, ಕುಣಿಗಲ್ಲಲ್ಲಿ ಪಾರ್ಟಿ ಹತ್ತುಸ್ಕೊಂಡೆ. ನಿಮ್ ಫೋನಿಗೆ ಒಟಿಪಿ ಬಂದದೆ, ಹೇಳಿ, ಟ್ರಿಪ್ ಸ್ಟಾರ್ಟ್ ಮಾಡ್ತೀನಿ."

"ಕುಣಿಗಲ್ಲಾ?" ಎಂದರು ಅಪ್ಪ. "ಗುಬ್ಬಿಗ್ ಬರ್ಬೇಕಲ್ಲಪ್ಪ ನೀನು."

"ಗುಬ್ಬಿ ಇಲ್ಲ ಸಾರ್. ಆ ಹುಡುಗಿ ಬರ್ತಿಲ್ಲ. ಮನೇಲಿ ಬಿಡ್ಲಿಲ್ವಂತೆ."

"ಯಾರು ಬಿಡ್ಲಿಲ್ವಂತೆ?"

"ಅವ್ರಪ್ಪ ಅಂತೆ ಸಾರ್. ಇಲ್ಲಿ ಈ ಮೇಡಂ ಹೇಳ್ತಾ ಇದ್ರು. ಇನ್ನೂ ಹಂಗೇ ಅವ್ರೆ ನೋಡಿ ಜನ."

ಅಪ್ಪ ಫೋನನ್ನು ಸ್ವಲ್ಪ ದೂರ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ, ಬೈಯದೆ, "ಅವ್ರಪ್ಪ ನಾನೇ ಕಣಪ್ಪ" ಎಂದರು.

ಆ ಕಡೆ ಗಾಡಿಯ ಇಂಜಿನ್ ಸದ್ದು ಕೇಳುತ್ತಿತ್ತು. ಅವಳು ಒಳಗೆ ಕೂತಿದ್ದಳು, ಕೇಳಿಸಿಕೊಂಡಿರಬೇಕು. ನಾನು ಫೋನ್ ಇಸಿದುಕೊಂಡು ನಾಲ್ಕು ಅಂಕಿಗಳನ್ನು ಬಿಡಿಬಿಡಿಯಾಗಿ ಓದಿ ಹೇಳಿದೆ. ಡ್ರೈವರ್ "ಥ್ಯಾಂಕ್ಸ್ ಮೇಡಂ" ಎಂದ. ಗಾಡಿ ಹೊರಟ ಸದ್ದು ಫೋನಿನಲ್ಲಿ ಕೇಳಿಸಿತು.

ಹಾಲಿನ ಅಂಗಡಿಯವರು ಒಳಗೆ ಹೋಗಿಬಿಟ್ಟರು.

ಅಲ್ಲೇ ನಿಂತು ಅಪ್ಪನಿಗೆ ಎಲ್ಲ ಹೇಳಿದೆ. ಅವಳು ಮ್ಯಾನೇಜರಿಗೆ ಹೇಳಿದ್ದು, ಆ ಮಾತು ಅವಳಿಗೆ ಸಿಕ್ಕಿದ್ದು ಎಲ್ಲಿಂದ ಎಂಬುದು, ಹಾಸ್ಟೆಲ್ಲು, ಟೂರು. ಅವಳದನ್ನು ಹೇಳುವಾಗ ಮಾತು ಸಲೀಸಾಗಿ ಬಂತು. ನನ್ನದು ಬಂದಾಗ ತಡವರಿಸಿದೆ.

"ಎಷ್ಟ್ ಸಲ ಹಂಗಂದಿದ್ದೆ?" ಎಂದು ಕೇಳಿದರು.

"ನಾಲ್ಕು ಸಲ."

ಅವರು ಸೂಟ್‌ಕೇಸಿನ ಕವರಿನ ಮೇಲೆ ಕೈಯಾಡಿಸಿ, ಪೈಪಿಂಗ್ ಒಂದು ಕಡೆ ಎದ್ದಿದ್ದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು.

"ಕೇಳಿದ್ರೂ ಕೊಡಕ್ಕೆ ಆಯ್ತಿರ್ಲಿಲ್ಲ ಬುಡು," ಎಂದರು. "ಆದ್ರೂ ಒಂದ್ ಸಲ ಕೇಳ್ಬೇಕಾಗಿತ್ತು ಕಣವ್ವ."

ಆಮೇಲೆ ಸೂಟ್‌ಕೇಸ್ ಎತ್ತಿಕೊಂಡು ನಡೆದರು. ಮನೆ ಬಲಕ್ಕಿತ್ತು, ಅವರು ತಮ್ಮ ಸೀಟು ಹೊಲಿಯುವ ಅಂಗಡಿಯ ಕಡೆ ಎಡಕ್ಕೆ ತಿರುಗಿದರು. ಇನ್ನೊಂದು ಕೈ ಹಾಕೋಣವೆಂದು ನಾನು ಹಿಂದೆ ಹೋದೆ. ಬಟ್ಟೆ ಸುತ್ತಿದ ಆ ಹಿಡಿಯನ್ನು ಅವರು ಬಿಟ್ಟುಕೊಡಲಿಲ್ಲ.