ಮೂರು ಬಾಟಲಿ ಜೇಡ

ಹೋದ ವಾರ ಗೋಡೆಯ ಕ್ಯಾಲೆಂಡರ್ ತೆಗೆದಾಗ ಅದರ ಹಿಂದೆ ದೊಡ್ಡ ಕಂದು ಜೇಡವೊಂದು ಕೂತಿತ್ತು. ಹೊಟ್ಟೆಯ ಕೆಳಗೆ ನಾಣ್ಯದಂಥ ಬಿಳಿ ಮೊಟ್ಟೆಚೀಲ. ಸೊಸೆ ಕಸಬರಿಗೆಗೆ ಓಡಿದಳು. “ಬಿಡವ್ವ, ಜಿರಲಿ ತಿಂತದ ಅದು” ಅಂದೆ. ಆ ಮಾತು ನನ್ನದಲ್ಲ, ಕಾಕುವಿನದು…

ಎಂಬತ್ತರ ದಶಕದ ಶುರುವಿನಲ್ಲಿ ಆಳಂದ ತಾಲ್ಲೂಕಿನ ಹಳ್ಳಿಯೊಂದಕ್ಕೆ ಟೀಚರಾಗಿ ಹೋದಾಗ ನನಗೆ ಬಾಡಿಗೆಗೆ ಕೋಣೆ ಕೊಟ್ಟವಳು ಅವಳು. ಗಂಡ ತೀರಿಕೊಂಡಿದ್ದ; ಏಳು ವರ್ಷದ ಮಗಳೊಬ್ಬಳೇ. ಚಿಕ್ಕಮ್ಮನೆಂಬಂತೆ ಊರೆಲ್ಲ ಕಾಕು ಅನ್ನುತ್ತಿತ್ತು, ನಾನೂ ಅಂದೆ.

ಒಂದು ಬೇಸಿಗೆಯಲ್ಲಿ ಹುಡುಗಿಯ ಕುತ್ತಿಗೆಗೆ ನೀರುಗುಳ್ಳೆ ಎದ್ದು ಜ್ವರ ಬಂತು. ಊರಲ್ಲಿ ಮಂತ್ರ ಹಾಕುವ ಮುದುಕನೊಬ್ಬನಿದ್ದ. “ಜೇಡ ಉಚ್ಚಿ ಹೊಯ್ದದ. ಸೂಜಿ ಮಾಡಿಸಿದ್ರ ವಿಷ ಏರ್ತದ. ಏಳು ದಿನ ಉಪ್ಪು ಮುಟ್ಟಿಸಬ್ಯಾಡ” ಎಂದು ಬೂದಿ ಬಳಿದ. ದವಾಖಾನೆಗೆ ಒಯ್ಯೋಣವೆಂದು ನಾನು ಒಮ್ಮೆ ಹೇಳಿದೆ. ಕಾಕು ಒಪ್ಪಲಿಲ್ಲ. ನಾನೂ ಒತ್ತಾಯಿಸಲಿಲ್ಲ; ಶಾಲೆಗೆ ಹೊತ್ತಾಗಿತ್ತು… ಏಳನೆಯ ದಿನ ಹುಡುಗಿ ಹೋದಳು.

ಹಣೆಬರಹ ಎಂದುಕೊಂಡು ಕಾಕು ಮಳೆಗಾಲ ಕಳೆದಳು. ದೀಪಾವಳಿಯ ಹೊತ್ತಿಗೆ ಮುದುಕನ ಮೊಮ್ಮಗನಿಗೂ ಅಂಥದೇ ಗುಳ್ಳೆ ಎದ್ದವು. ಮುದುಕ ಬೂದಿ ಮುಟ್ಟಲಿಲ್ಲ. ನಿಂಬರ್ಗಾ ಕಡೆಯಿಂದ ಬರುವ ಮೊದಲ ಬಸ್ಸಿಗೆ ಹುಡುಗನನ್ನು ಎತ್ತಿಕೊಂಡು ಆಳಂದದ ದವಾಖಾನೆಗೆ ಓಡಿದ. ನಾಲ್ಕೇ ದಿನಕ್ಕೆ ಹುಡುಗ ಆಡುತ್ತ ಬಂದ. ಅದನ್ನು ಕಣ್ಣಾರೆ ಕಂಡ ಕಾಕು ಅಂದು ಒಲೆ ಹಚ್ಚಲಿಲ್ಲ.

ಮರುದಿನದಿಂದ ಮನೆಯ ಜೇಡಗಳನ್ನು ಹಿಡಿಯತೊಡಗಿದಳು. ಶಾಲೆಯ ಕಪಾಟಿನಿಂದ ಪುಸ್ತಕ ತಂದು ಚಿತ್ರ ಹೋಲಿಸಿ ನೋಡುವುದು ನನ್ನ ಕೆಲಸ. ಮೂಲೆಯಲ್ಲಿ ತಲೆಕೆಳಗಾಗಿ ತೂಗುತ್ತ, ಮುಟ್ಟಿದರೆ ಬಲೆಸಮೇತ ನಡುಗುವ ಉದ್ದ ಕಾಲಿನದು. ಬಲೆಯನ್ನೇ ಕಟ್ಟದೆ ನೊಣದ ಮೇಲೆ ಜಿಗಿಯುವ ಗಿಡ್ಡದ್ದು. ಗೋಡೆಗೆ ಚಪ್ಪಟೆಯಾಗಿ ಅಂಟಿಕೊಳ್ಳುವ ಕಂದು ಬಣ್ಣದ ದೊಡ್ಡದು.

“ಇದು ಮನುಷ್ಯಾರ್ನ ಕೊಲ್ತದೇನ್ರಿ ಟೀಚರ್?” ಪ್ರತಿಯೊಂದಕ್ಕೂ ಕೇಳುವಳು.

“ಇಲ್ಲ ಕಾಕು.”

ನನ್ನ ಮಾತೂ ಸಾಲದೆ ಒಂದೊಂದನ್ನೂ ಮೈಮೇಲೆ ಬಿಟ್ಟುಕೊಂಡು ವಾರಗಟ್ಟಲೆ ನೋಡಿದಳು. ಒಂದು ಗುಳ್ಳೆಯೂ ಏಳಲಿಲ್ಲ.

ಒಂದು ಸೋಮವಾರ, ಮುದುಕನ ಕಟ್ಟೆಯ ಮುಂದೆ ಜನ ಕಾದಿದ್ದಾಗ, ಕಾಕು ಮೂರು ಗಾಜಿನ ಬಾಟಲಿ ತಂದಿಟ್ಟಳು. “ನನ್ನ ಮಗಳ್ನ ಕೊಂದಿದ್ದು ಇದ್ರಾಗ ಯಾವ್ದು? ತೋರ್ಸು.”

ಮುದುಕ ದೊಡ್ಡದರತ್ತ ಬೆರಳು ಮಾಡಿದ. ಅವಳು ಅದನ್ನು ತೋಳಿನ ಮೇಲೆ ಬಿಟ್ಟುಕೊಂಡು, ಕಚ್ಚುವತನಕ ಬೆರಳಿನಿಂದ ಒತ್ತಿದಳು. ಆಮೇಲೆ ಅಲ್ಲೇ ಕೂತಳು. ಏಳು ದಿನ, ಬೆಳಗಿನಿಂದ ಸಂಜೆತನಕ. ಬಂದವರಿಗೆಲ್ಲ ತೋಳು ತೋರಿಸಿ, “ಮೊಮ್ಮಗನ್ನ ಎಲ್ಲಿಗಿ ಒಯ್ದಿದ್ದ, ಕೇಳ್ರಿ ಇವಗ” ಅನ್ನುವಳು. ಏಳನೆಯ ದಿನ ಕಟ್ಟೆಗೆ ಯಾರೂ ಬರಲಿಲ್ಲ.

ಮುದುಕ ಕೈಮುಗಿದ. “ತಪ್ಪಾಗ್ಯಾದ, ತಂಗಿ.”

“ನನಗ್ಯಾಕ? ಸತ್ತಾಕಿ ಮುಂದ ಹೋಗಿ ಹೇಳು” ಎಂದು ಎದ್ದು ಬಂದಳು. ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡಳು. ನಾನೂ ಉಂಡೆ. ಮುದುಕ ಊರು ಬಿಟ್ಟು ಅಫಜಲಪುರದ ಕಡೆಗಿದ್ದ ಮಗಳ ಮನೆ ಸೇರಿದ.

ಈಗ ಕಾಕು ಇಲ್ಲ. ಕೊನೆಗಾಲದಲ್ಲಾದರೂ ಅವನನ್ನು ಕ್ಷಮಿಸಿದ್ದಳೇ ಎಂದು ಊರವರನ್ನು ಕೇಳಿದೆ. ಇಲ್ಲವಂತೆ. ಕೇಳಿ ನನಗೆ ಸಮಾಧಾನವಾಯಿತು.

ಈಚೆಗೆ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಆ ಮೊಮ್ಮಗ ಎದುರಾದ. ನನ್ನ ಬಳಿಯೇ ಅಕ್ಷರ ಕಲಿತವನು. ಅವನದೇನು ತಪ್ಪು… ಜೊತೆಗೆ ಪುಟ್ಟ ಮಗಳಿದ್ದಳು. “ನಮ್ಮ ಟೀಚರ್ ಇವ್ರು, ಕಾಲಿಗಿ ಬೀಳವ್ವ” ಅಂದ. ಮಗು ಬಾಗಿತು. ಅದರ ತಲೆಯ ಮೇಲೆ ಕೈಯಿಟ್ಟೆ. ಹರಸದೆಯೇ ಬಸ್ಸಿನತ್ತ ನಡೆದೆ.