ನಿಂತವರು, ಕುಂತವರು

ಅಕ್ಕಾರ ಬಲಗೈಯ ತೋರುಬೆರಳು ಮೊದಲ ಗೆಣ್ಣಿನಲ್ಲಿ ಎಡಕ್ಕೆ ವಾಲಿತ್ತು. ಚಿಕ್ಕಂದಿನಲ್ಲಿ ಅಪ್ಪನ ಅಂಗಡಿಯ ದೊಡ್ಡ ತಕ್ಕಡಿಗೆ ಸಿಕ್ಕು ಮುರಿದಿತ್ತಂತೆ, ಕೂಡುವಾಗ ಸೊಟ್ಟಗೆ ಕೂಡಿತ್ತು. ಆ ಸೊಟ್ಟ ಬೆರಳನ್ನು ಕಂಪ್ಯೂಟರಿನ ಗಾಜಿನ ಮೇಲಿಟ್ಟು, ಕಾಗದ ಓದುವವರ ಹಾಗೆ ಒಂದೊಂದು ಸಾಲಿನ ಕೆಳಗೂ ಎಳೆಯುತ್ತ ಅವರು ಇಮೇಲ್ ಓದುತ್ತಿದ್ದರು. ಸಂಜೆ ಪಡುವಣ ಕಿಟಕಿಯಿಂದ ಬಿಸಿಲು ಒಳಗೆ ಬಿದ್ದಾಗ ಪರದೆಯ ತುಂಬ ಬೆರಳಿನ ಗುರುತು ಕಾಣುತ್ತಿತ್ತು. ಅದನ್ನು ಸೆರಗಿನಿಂದ ಒರೆಸಿ, ಕಂಪ್ಯೂಟರಿಗೆ ಅರಿವೆ ಹೊದಿಸಿ, ಆಮೇಲೆ ಊಟದ ಡಬ್ಬಿ ಬಿಚ್ಚುತ್ತಿದ್ದರು.

ಮಿರಜಿನ ಸ್ಟೇಷನ್ ರಸ್ತೆಯಲ್ಲಿ ಒಂದು ಮಾಳಿಗೆಯ ಮೇಲೆ ನಮ್ಮ ಆಫೀಸು. ದ್ರಾಕ್ಷಿ ರಫ್ತು ಮಾಡುವ ವ್ಯವಹಾರ. ಪರದೇಶಕ್ಕೆ ಮಾಲು ಕಳಿಸುವ ಹುಮ್ಮಸ್ಸು ಆಗಷ್ಟೇ ಎಲ್ಲರಿಗೂ ಹತ್ತಿತ್ತು. ಮಾಲಗಾಂವ, ಆರಗದ ಕಡೆ ಕಬ್ಬು ಕಿತ್ತು ದ್ರಾಕ್ಷಿ ಹಚ್ಚುತ್ತಿದ್ದರು. ಸಾಂಗಲಿ ಮತ್ತು ಮಿರಜ ಬೆಳೆಯುತ್ತ ಬೆಳೆಯುತ್ತ ಒಂದರ ಮೈಗೆ ಒಂದು ತಾಗಿದ್ದವು. ಮಾಲಕರು ಸಾಂಗಲಿಯಲ್ಲಿ ಕೂತು ಫೋನಿನ ಮೇಲೆ ಆಫೀಸು ನಡೆಸುತ್ತೇನೆ ಅಂದುಕೊಂಡಿದ್ದರು. ನಿಜವಾಗಿ ನಡೆಸುತ್ತಿದ್ದವರು ಅಕ್ಕಾರು. ಉಳಿದವರೆಲ್ಲ ಅವರನ್ನು ಮರಾಠಿಯ ಮರ್ಯಾದೆಯಂತೆ 'ಬಾಯಿ' ಎಂದು ಕರೆಯುತ್ತಿದ್ದರು. ನಾನು ಲಿಂಗನೂರಿನ ಕುರಿ ಸಾಕುವ ಮನೆಯ ಹುಡುಗಿ. ಕೆಲಸ ಕೇಳಲು ಹೋದ ದಿನ ನನ್ನ ಮರಾಠಿ ಕೇಳಿ ಅವರು ನಕ್ಕುಬಿಟ್ಟರು. ನಕ್ಕು, ಕನ್ನಡದಲ್ಲಿ "ಕುಂದ್ರು" ಅಂದರು. ಅಂದಿನಿಂದ ನನಗೆ ಅವರು ಅಕ್ಕಾರು.

ಅವರಿಂದ ನಾನು ಕಲಿತದ್ದು ಒಂದೇ ಒಂದು ಪ್ರಶ್ನೆ. ಹೊಟ್ಟೆಪಾಡಿಗೆ ಇಂದಿಗೂ ಅದು ಸಾಕಾಗಿದೆ. ಆ ಪ್ರಶ್ನೆಯನ್ನು ಅವರು ಜಗತ್ತಿನ ಎಲ್ಲರ ಕೆಲಸದ ಬಗ್ಗೆ ಕೇಳಿದರು, ತಮ್ಮ ಜೀವದ ಬಗ್ಗೆ ಮಾತ್ರ ಸರಿಯಾಗಿ ಕೇಳಿಕೊಳ್ಳಲಿಲ್ಲ. ಅದಕ್ಕೇ ಅವರನ್ನು ನೆನೆದಾಗಲೆಲ್ಲ ಅಳುವಿನ ಜೊತೆ ಸಿಟ್ಟೂ ಬರುತ್ತದೆ.

ಇಡೀ ಆಫೀಸಿಗೆ ಒಂದೇ ಕಂಪ್ಯೂಟರು, ಒಂದೇ ಇಮೇಲ್ ವಿಳಾಸ. ಚಪ್ಪಲಿ ಹೊರಗೆ ಬಿಟ್ಟು ಆ ಕೋಣೆಗೆ ಹೋಗಬೇಕು. ಫೋನಿನ ತಂತಿಯ ಮೇಲೆಯೇ ಇಮೇಲೂ ಬರುವುದರಿಂದ ಅದು ಇಳಿಯುವಾಗ ಫೋನು ಬಂದ್. ಆದ್ದರಿಂದ ಬೆಳಿಗ್ಗೆ, ಮಧ್ಯಾಹ್ನ, ಹೊತ್ತು ಇಳಿಯುವ ಮುಂಚೆ, ಹೀಗೆ ಗೊತ್ತಾದ ಹೊತ್ತಿಗೆ ಮಾತ್ರ ಅಕ್ಕಾರು ಅದನ್ನು ತೆರೆಯುತ್ತಿದ್ದರು. ಮುಂದೆ ಮಾಲಕರು ಇಮೇಲಿಗೆಂದೇ ಬೇರೆ ತಂತಿ ಹಾಕಿಸಿಕೊಟ್ಟರು. ಆಗಲೂ ಇವರು ಹೊತ್ತು ಬದಲಿಸಲಿಲ್ಲ. ದಿನವಿಡೀ ತೆರೆದಿಡಬಹುದಲ್ಲ ಎಂದು ನಾನು ಕೇಳಿದ್ದಕ್ಕೆ, "ಬಾಗಲಾ ತಗದ ಅದನ್ನ ನೋಡಕೋತ ಕುಂತ್ರ ಅಡಗಿ ಯಾವಾಗ ಮಾಡೂದು?" ಅಂದರು.

ಸೇರಿದ ಹೊಸತರಲ್ಲಿ ಒಂದು ಮುಂಜಾನೆ ನನ್ನನ್ನೇ ಕೂರಿಸಿದರು. ನಾನು ರೇಶನ್ ಅಂಗಡಿಯ ಸಾಲಿನಂತೆ ಮೇಲಿನಿಂದ ಹಿಡಿದು ಒಂದೊಂದಕ್ಕೂ ಉತ್ತರ ಬರೆಯುತ್ತ ಬಂದೆ. ಪೆಟ್ಟಿಗೆ ಮಾಡುವವರ ಜಾಹೀರಾತಿಗೂ ಮರ್ಯಾದೆಯಿಂದ ಉತ್ತರ ಕೊಟ್ಟಿದ್ದೆ. ಅಕ್ಕಾರು ಬಂದು ನನ್ನ ಇಂಗ್ಲಿಷಿನ ಆರಂಭವನ್ನು ಓದಿ, "ಅಂವಗ ಆರತಿ ಎತ್ತಾಕ ಹೊಂಟೀಯೇನ?" ಎಂದು ಕೇಳಿ ಮೇಲಿನ ನಾಲ್ಕು ಸಾಲು ಅಳಿಸಿದರು. ಆಮೇಲೆ ಬೆರಳನ್ನು ಗಾಜಿನ ಮೇಲೆ ಇಳಿಸುತ್ತ, ಒಂದೊಂದರ ಹತ್ತಿರವೂ ನಿಲ್ಲಿಸಿ, ಒಂದೇ ಪ್ರಶ್ನೆ ಕೇಳಿದರು.

"ಇದರಾಗ ಯಾರ್ ನಿಂತಾರ?"

ನನಗೆ ತಿಳಿಯಲಿಲ್ಲ. ಆಗ ಅವರು ಅಪ್ಪನ ಅಂಗಡಿಯ ಕಥೆ ಹೇಳಿದರು. ಸಾಂಗಲಿಯ ಪೇಟೆಯಲ್ಲಿ ಅವರ ಅಪ್ಪ ಅರಿಸಿನದ ದಲಾಲರು. ಅಂಗಡಿಗೆ ಬಂದವರಲ್ಲಿ ಎರಡು ಜಾತಿ. ಗಾಡಿ ತಂದ ರೈತ ಕೂರುವುದಿಲ್ಲ, ಹೊರಗೆ ಎತ್ತು ನೊಗದಲ್ಲೇ ಇರುತ್ತವೆ. ವ್ಯಾಪಾರಿ ಗಾದಿಯ ಮೇಲೆ ಕೂತು, ಚಹಾ ಬಂತೇ ಎಂದು ನೋಡುತ್ತಾನೆ. ಅಪ್ಪ ಯಾವಾಗಲೂ ನಿಂತವನನ್ನು ಮೊದಲು ಕಳಿಸುತ್ತಿದ್ದರು. ಕೂತವನು ಎಷ್ಟೇ ದೊಡ್ಡವನಿದ್ದರೂ, ಎಷ್ಟೇ ಗಂಟಲು ಹರಿದುಕೊಂಡರೂ ಆಮೇಲೆ.

ಅಕ್ಕಾರು ಇಮೇಲಿಗೆ ಅದನ್ನೇ ಹಚ್ಚಿದ್ದರು. ನಮ್ಮ ಉತ್ತರ ಬಾರದೆ ಕೈಕಟ್ಟಿಕೊಂಡು ಯಾರೋ ಎಲ್ಲೋ ಕಾಯುತ್ತಿದ್ದರೆ ಅದು ನಿಂತವರ ಪತ್ರ. ಉಳಿದವು ಕುಂತವರದು. ಜಾಹೀರಾತು, ಹಬ್ಬದ ಶುಭಾಶಯ ಇವೆಲ್ಲ ಹಾದುಹೋಗುವವರದು, ಓದಿ ಬಿಡುವುದು. ಕಂಪ್ಯೂಟರಿನಲ್ಲಿ ಮರಾಠಿ ಹೆಸರಿಟ್ಟು ಮೂರು ಕಡೆ ಬೇರೆ ಮಾಡಿಟ್ಟಿದ್ದರು: ಉಭೆ, ಬಸಲೇಲೆ, ವಾಟಸರೂ, ಅಂದರೆ ನಿಂತವರು, ಕುಂತವರು, ದಾರಿಹೋಕರು. ಕುಂತವರ ಪತ್ರವೆಂದರೆ ಕಸವೆಂದು ನಾನು ತಿಳಿದಿದ್ದೆ. ಅದಕ್ಕೂ ಬೈಸಿಕೊಂಡೆ. "ಕುಂತವರಂದ್ರ ಬ್ಯಾಡಾದವರಲ್ಲ. ಚಾ ಕುಡದ ಹೋಗೋರು," ಅಂದರು. ಶನಿವಾರ ಮಧ್ಯಾಹ್ನ ಚಹಾ ತರಿಸಿಕೊಂಡು ಕುಂತವರಿಗೆ ಸಾವಕಾಶವಾಗಿ ಬರೆಯುತ್ತಿದ್ದರು. ಇಂಗ್ಲೆಂಡಿನ ಒಂದು ಕಂಪನಿಯಲ್ಲಿ ನಮ್ಮ ಮಾಲು ನೋಡಿಕೊಳ್ಳುತ್ತಿದ್ದ ಹೆಂಗಸೊಬ್ಬಳು ತನ್ನ ಹಿತ್ತಲಿನ ಗುಲಾಬಿಯ ಬಗ್ಗೆ ಬರೆಯುತ್ತಿದ್ದಳು. ಇವರು ಮಾಲಗಾಂವದ ಮನೆಯ ಮುಂದಿನ ಅಬ್ಬಲಿಗೆಯ ಬಗ್ಗೆ ಬರೆಯುತ್ತಿದ್ದರು. ಗಂಡ ಬೇಗ ತೀರಿಹೋಗಿ, ಮಕ್ಕಳಿಲ್ಲದೆ, ತಂಗಿಯ ಮನೆಯಲ್ಲಿದ್ದವರು ಅವರು. ಆ ಶನಿವಾರದ ಪತ್ರಗಳನ್ನು ಬರೆಯುವಾಗ ಅವರ ಮುಖ ಬೇರೆಯೇ ಆಗಿರುತ್ತಿತ್ತು.

ಅವರ ಪದ್ಧತಿಯ ಬೆಲೆ ನನಗೆ ತಿಳಿದದ್ದು ಒಂದು ಸೀಜನ್ನಿನಲ್ಲಿ. ಮಾಲಕರ ಪುಣೆಯ ಸಲಹೆಗಾರರೊಬ್ಬರು ಪ್ರದರ್ಶನದ ಮಳಿಗೆಗೆ ಯಾವ ಚಿತ್ರ ಹಾಕಬೇಕೆಂದು ದೊಡ್ಡಕ್ಷರದಲ್ಲಿ, ತುರ್ತು ತುರ್ತು ಎಂದು ಬರೆದಿದ್ದರು. ಮಾಲಕರು ಅದಕ್ಕಾಗಿ ಸಾಂಗಲಿಯಿಂದ ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಅದರ ಕೆಳಗೆ ಮುಂಬಯಿ ಬಂದರಿನ ಏಜೆಂಟನ ಸಣ್ಣ ಪತ್ರವಿತ್ತು, ತಲೆಬರಹ "ನಿನ್ನೆಯದು" ಎಂದಷ್ಟೇ. ಅಕ್ಕಾರ ಬೆರಳು ಅಲ್ಲಿ ನಿಂತಿತು. ಒಂದು ಸರ್ಟಿಫಿಕೇಟಿನಲ್ಲಿ ನಂಬರು ತಪ್ಪಾಗಿ, ನಮ್ಮ ದ್ರಾಕ್ಷಿಯ ಲಾರಿಯನ್ನು ಗೇಟಿನೊಳಗೆ ಬಿಟ್ಟಿರಲಿಲ್ಲ. ಡ್ರೈವರ್ ಬಿಸಿಲಿನಲ್ಲಿ ಗೇಟಿನ ಹೊರಗೆ ನಿಂತಿದ್ದ. ಅಕ್ಕಾರು ಮಾಲಕರ ಫೋನು ಕೆಳಗಿಟ್ಟು, ಸರ್ಟಿಫಿಕೇಟು ತಿದ್ದಿಸಿ ಕಳಿಸಿ, ಲಾರಿ ಒಳಗೆ ಹೋಯಿತೆಂದು ತಿಳಿದ ಮೇಲೆಯೇ ಮಾಲಕರಿಗೆ ಫೋನು ಮಾಡಿದರು. ನಿಮ್ಮ ಚಿತ್ರ ಕುಂತಿದೆ ಎಂದು ಮರಾಠಿಯಲ್ಲಿ ಹೇಳಿದರು.

ಮಾಲಕರು ಸಿಟ್ಟಾಗಿ ಕೆಲವು ದಿನ ಮಾತು ಬಿಟ್ಟರು. ಆದರೆ ಆ ಮಾತನ್ನು ಕಲಿತರು. ಮುಂದೆ ಎಲ್ಲದಕ್ಕೂ "ಬಾಯಿ, ನನ್ನದು ನಿಂತಿದೆ" ಎಂದೇ ಶುರುಮಾಡುತ್ತಿದ್ದರು. ಅದಕ್ಕೆ ಅಕ್ಕಾರು, ನೀವು ಮೆತ್ತನೆಯ ಕುರ್ಚಿಯಲ್ಲಿ ಕೂತು ಮಾತಾಡುವುದು ಇಲ್ಲಿಗೆ ಕೇಳಿಸುತ್ತದೆ ಎನ್ನುತ್ತಿದ್ದರು.

ಅಕ್ಕಾರ ಇನ್ನೊಂದು ಹಟ ಸೂರ್ಯನ ವಿಷಯದಲ್ಲಿ. ಜೈನರ ಮನೆಯವರು, ಹೊತ್ತು ಮುಳುಗಿದ ಮೇಲೆ ಉಣ್ಣುತ್ತಿರಲಿಲ್ಲ. ಆ ನೇಮವನ್ನೂ ಇಮೇಲಿಗೆ ಹಚ್ಚಿದ್ದರು. ಮುಳುಗಿದ ಮೇಲೆ ಬಂದದ್ದು ನಾಳಿನದು. ವಿಲಾಯತಿಯವರಿಗೆ ಆಗಿನ್ನೂ ಮಧ್ಯಾಹ್ನ ಎಂದು ಮಾಲಕರು ಕೂಗಾಡುತ್ತಿದ್ದರು. "ಕತ್ತಲಾದ ಮ್ಯಾಲ ಏನ್ ತಿನ್ನಾಕತ್ತೇವಿ ಅನ್ನೂದು ಕಾಣೂದಿಲ್ಲ. ಏನ್ ಬರಿಯಾಕತ್ತೇವಿ ಅನ್ನೂದೂ ಕಾಣೂದಿಲ್ಲ," ಎಂದು ನನಗೆ ಹೇಳುತ್ತಿದ್ದರು. ಮಾಲಕರೇ ಒಮ್ಮೆ ರಾತ್ರಿ ಸಿಟ್ಟಿನಲ್ಲಿ ಬರೆದು ಒಬ್ಬ ಒಳ್ಳೆಯ ಗಿರಾಕಿಯನ್ನು ಕಳೆದುಕೊಂಡಿದ್ದರು. ಅದನ್ನು ಅಕ್ಕಾರು ಸಮಯ ಸಿಕ್ಕಾಗಲೆಲ್ಲ ನೆನಪಿಸುತ್ತಿದ್ದರು. ಹಾಗೆಂದು ಅವರು ಸಂತರೇನಲ್ಲ. ನಾಲಿಗೆ ಹರಿತ. ತಾವಿಲ್ಲದಾಗ ಯಾರಾದರೂ ಕಂಪ್ಯೂಟರ್ ಮುಟ್ಟಿದರೆ ಮರುದಿನ ಅವರ ಜೊತೆ ಚಹಾ ಕುಡಿಯುತ್ತಿರಲಿಲ್ಲ.

ಒಂದು ದೀಪಾವಳಿಯ ಹೊತ್ತಿಗೆ ಅವರಿಗೆ ಹೊಟ್ಟೆಯ ಬಲಮಗ್ಗುಲಲ್ಲಿ ನೋವು ಕಾಣಿಸಿತು. ಒಂದು ಕೈ ಅಲ್ಲಿ ಒತ್ತಿಕೊಂಡು, ಇನ್ನೊಂದು ಕೈಯ ಬೆರಳಿನಿಂದ ಪತ್ರ ಓದುತ್ತಿದ್ದರು. ಮಾಲಗಾಂವದ ಡಾಕ್ಟರು, ತಡ ಮಾಡದೆ ದೊಡ್ಡ ದವಾಖಾನೆಯಲ್ಲಿ ತಪಾಸಣೆ ಮಾಡಿಸಿರಿ ಎಂದಿದ್ದರು. ಮಿರಜಿನಲ್ಲಿ ದವಾಖಾನೆಗೇನು ಬರ? ಗಡಿಯಾಚೆಯಿಂದ ಹಾಸಿಗೆ ಕಟ್ಟಿಕೊಂಡು ರೈಲಿಳಿದು ಬರುವ ರೋಗಿಗಳ ಕಡೆಯವರು ನಮ್ಮ ಕಿಟಕಿಯ ಕೆಳಗೇ ಹೋಗುತ್ತಿದ್ದರು. ಅಷ್ಟು ಹತ್ತಿರ ಇದ್ದೂ ಅಕ್ಕಾರು ಹೋಗಲಿಲ್ಲ. ಒಂದು ಸಂಜೆ ನಾನು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ಜಗಳ ತೆಗೆದೆ.

"ಅಕ್ಕಾರ, ಇದು ನಿಂತೈತ್ರಿ," ಅಂದೆ.

"ಯಾರ್ ನಿಂತಾರ ಹೇಳು. ನನಗ ಮಕ್ಕಳಿಲ್ಲ, ಮರಿಯಿಲ್ಲ. ಅದು ಯಾರನ್ನ ಕಾಯಸಾಕತ್ತೈತಿ? ಕುಂತೈತಿ, ಕುಂದ್ರಲಿ. ಸೀಜನ್ ಮುಗೀಲಿ."

"ನಾ ನಿಂತೇನಲ್ರಿ."

ಅವರು ನನ್ನನ್ನು ನೋಡಿದರು. ಆಮೇಲೆ, "ನಿನ್ನ ಬಸ್ ತಪ್ಪತೈತಿ, ಹೋಗು," ಎಂದು ಡಬ್ಬಿಯ ಕಡೆ ತಿರುಗಿದರು.

ಸೀಜನ್ ಮುಗಿಯಿತು. ಕೊನೆಯ ಲಾರಿ ಹೋದ ಮೇಲೆ, ಬಿಸಿಲು ಕುದಿಯುತ್ತಿದ್ದ ಒಂದು ದಿನ ಅವರ ತಂಗಿ ಮತ್ತು ನಾನು ಅವರನ್ನು ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ಬಹಳ ಮೆಲ್ಲಗೆ ಮಾತಾಡಿದರು. ಬೇನೆ ಯಕೃತ್ತಿಗೆ ಹಬ್ಬಿತ್ತು, ಕೊಯ್ದು ತೆಗೆಯುವ ಹಂತ ದಾಟಿತ್ತು. ಮೆಟ್ಟಿಲು ಇಳಿಯುವಾಗ ಅಕ್ಕಾರು ನನ್ನ ತೋಳು ಹಿಡಿದುಕೊಂಡು ನಿಂತರು. "ಯಾವಾಗ ಎದ್ದ ನಿಂತಿತ್ತೋ ಏನೋ. ನಾ ನೋಡಲೇ ಇಲ್ಲ," ಅಂದರು. ಅವರ ದನಿಯಲ್ಲಿ ಹೆದರಿಕೆಗಿಂತ ನಾಚಿಕೆ ಹೆಚ್ಚಿತ್ತು.

ಮಳೆಗಾಲದಲ್ಲಿ ಅವರು ಹೋದರು. ಲಿಂಗನೂರಿನಲ್ಲಿ ಫೋನಿದ್ದದ್ದು ನಮ್ಮ ಪಕ್ಕದ ಮನೆಯಲ್ಲಿ. ಕರೆ ಬಂದಾಗ ಹೊತ್ತು ಮುಳುಗಿತ್ತು. ಅಕ್ಕಾರ ಲೆಕ್ಕದಲ್ಲಿ ಅದು ನಾಳೆ ತೆರೆಯಬೇಕಾದ ಸುದ್ದಿ. ಮನೆಗೆ ಬಂದು ಯಾರಿಗೂ ಹೇಳದೆ ಮಲಗಿದೆ. ಬೆಳಿಗ್ಗೆ ಅವ್ವನಿಗೆ ಹೇಳುವಾಗ ಅತ್ತುಬಿಟ್ಟೆ.

ಗಿರಾಕಿಗಳಿಗೆಲ್ಲ ನಾನೇ ಬರೆದು ತಿಳಿಸಿದೆ. ಮೊದಲು ಬಂದ ಉತ್ತರ ಇಂಗ್ಲೆಂಡಿನ ಆ ಹೆಂಗಸಿನದು, ಅಬ್ಬಲಿಗೆ ಗಿಡಕ್ಕೆ ಈಗ ನೀರು ಹಾಕುವವರು ಯಾರು ಎಂದು ಕೇಳಿದ್ದಳು. ಸಂತಾಪದ ಪತ್ರಗಳನ್ನೆಲ್ಲ ಕುಂತವರ ಜೊತೆ ಇಟ್ಟು, ಶನಿವಾರ ಚಹಾ ತರಿಸಿಕೊಂಡು ಒಂದೊಂದಕ್ಕೂ ಉತ್ತರ ಬರೆದೆ. ಆ ಆಫೀಸಿನಲ್ಲಿ ಈಗ ಅವರ ಜಾಗದಲ್ಲಿ ನಾನಿದ್ದೇನೆ. ಇಮೇಲು ಅಂಗೈಯೊಳಗಿನ ಫೋನಿಗೇ ಬರುತ್ತದೆ, ಎಲ್ಲರದೂ ತುರ್ತು. ನಾನು ಬೆರಳು ಇಳಿಸುತ್ತ ಯಾರು ನಿಂತಿದ್ದಾರೆ ಎಂದು ನೋಡುತ್ತೇನೆ. ನನ್ನ ಕೈಕೆಳಗಿನ ಹುಡುಗಿಯರಲ್ಲಿ ಯಾರಾದರೂ ತಲೆನೋವು ಎಂದರೂ ಅದೇ ದಿನ ಡಾಕ್ಟರ ಹತ್ತಿರ ಅಟ್ಟುತ್ತೇನೆ. ಅವರಿಗೆ ಅದೊಂದು ಹುಚ್ಚಾಗಿ ಕಾಣುತ್ತದೆ. ಕಾಣಲಿ.

ಅವರನ್ನು ನಾನು ಕೊನೆಗೆ ಕಂಡದ್ದು ಆ ಫೋನು ಬಂದುದರ ಹಿಂದಿನ ಸಂಜೆ. ಆಫೀಸು ಮುಗಿಸಿ ದವಾಖಾನೆಗೆ ಹೋಗಿದ್ದೆ. ಮಳೆ ಬಿಟ್ಟು ಕಿಟಕಿಯಲ್ಲಿ ಚೂರು ಬಿಸಿಲಿತ್ತು. ಹೊತ್ತು ಮುಳುಗುವ ಮುಂಚೆ ಉಣಿಸಬೇಕೆಂದು ತಂಗಿ ಗಂಜಿ ಆರಿಸುತ್ತಿದ್ದಳು. ಅಕ್ಕಾರ ಕೈ ಹೊದಿಕೆಯ ಮೇಲಿತ್ತು, ಮೈಯೆಲ್ಲ ಕರಗಿ ಆ ಸೊಟ್ಟ ಬೆರಳು ಇನ್ನಷ್ಟು ಸೊಟ್ಟ ಕಾಣುತ್ತಿತ್ತು. ಲಿಂಗನೂರಿನ ಕಡೆಯ ಬಸ್ಸಿನ ಹೊತ್ತಾಗಿತ್ತು. ನಾನು ಚೀಲವನ್ನು ಹೆಗಲಿನಿಂದ ಇಳಿಸಿರಲಿಲ್ಲ.

"ಇವತ್ತ ಯಾರ್ ನಿಂತಾರ?" ಎಂದು ಕೇಳಿದರು.

"ಯಾರೂ ಇಲ್ರಿ ಅಕ್ಕಾರ. ಸೀಜನ್ ಇಲ್ಲಲ್ಲ, ಎಲ್ಲಾ ಕುಂತಾವ."

"ಮತ್ತ ನೀ ನಿಂತೀ?"

ಬಸ್ಸಿನ ಮಾತು ನನ್ನ ಬಾಯಿಗೆ ಬಂದಿತ್ತು. ಅವರು ಕಣ್ಣು ಮುಚ್ಚಿಕೊಂಡೇ, ಉಸಿರು ತೆಗೆದುಕೊಂಡು ನಿಧಾನವಾಗಿ ಹೇಳಿದರು.

"ನಿಂತರ ನಿನ್ನ ಮದಲ ಕಳಸಬೇಕಾಗತೈತಿ. ಕುಂದ್ರು."

ಚೀಲ ಕೆಳಗಿಟ್ಟು ಸ್ಟೂಲಿನ ಮೇಲೆ ಕುಂತೆ. ತಂಗಿ ಎರಡು ಚಮಚ ಗಂಜಿ ಕುಡಿಸಿದಳು. ಕಿಟಕಿಯ ಬಿಸಿಲು ಹೋಯಿತು, ಬಸ್ಸಿನ ಹೊತ್ತೂ ಹೋಯಿತು. ಅವರು ನನ್ನನ್ನು ಕಳಿಸಲಿಲ್ಲ.