ಎಡಗಾಲಿಯ ಬಿಸಿ

ಮಿಸ್ತ್ರಿಯವರ ಬಲಗೈ ಬೆರಳುಗಳ ಹಿಂಭಾಗದಲ್ಲಿ ಕೂದಲೇ ಇರಲಿಲ್ಲ. ಓಡಿ ಬಂದ ಗಾಡಿಯ ಗಾಲಿಗೆ ಬೆರಳ ಹಿಂಭಾಗ ತಾಗಿಸಿ, ಬ್ರೇಕು ಕಚ್ಚಿ ಕಾದಿದೆಯೇ ಎಂದು ಬಿಸಿ ನೋಡುತ್ತಿದ್ದರು. ಸುಟ್ಟು ಸುಟ್ಟು ಹಾಗಾಗಿದೆ ಎಂದು ನಾನೇ ಅಂದುಕೊಂಡಿದ್ದು. ಕೇಳಿದ್ದಿಲ್ಲ.

ಹಳಿಯಾಳದ ಬಸ್ ನಿಲ್ದಾಣದ ಹಿಂದೆ ಅವರ ಗ್ಯಾರೇಜು. ಬರುವುದೆಲ್ಲ ಕಬ್ಬಿನ ಟ್ರ್ಯಾಕ್ಟರು. ಗಿರಾಕಿಯ ಮಾತನ್ನು ಅರ್ಧಕ್ಕೇ ತಡೆದು, ಚಹಾಕ್ಕೆ ಕಳಿಸಿ, ಆಮೇಲೆ ಗಾಡಿ ನೋಡುವುದು ಅವರ ಪದ್ಧತಿ. “ಓಡ್ಸಾವ ಮೊದಲ ಸುಳ್ಳ ಹೇಳ್ತಾನ. ಗಾಡಿಗೆ ಅದು ಬರೂದಿಲ್ಲ” ಅನ್ನುತ್ತಿದ್ದರು.

ಮೌಳಂಗಿಯ ಹತ್ತಿರ ನದಿದಂಡೆಯಲ್ಲಿ ಪ್ರವಾಸಿಗರನ್ನು ಸುತ್ತಿಸಲು ನನ್ನದೊಂದು ಬಗ್ಗಿ ಇದೆ, ಕಚ್ಚಾದಾರಿಯಲ್ಲಿ ಓಡುವ ತೆರೆದ ಮೋಟಾರು ಗಾಡಿ. ಅದಕ್ಕೆ ಎರಡು ಕೈಬ್ರೇಕು, ಹಿಂದಿನ ಒಂದೊಂದು ಗಾಲಿಗೆ ಒಂದೊಂದು. ಎಡದ್ದನ್ನು ಎಳೆದರೆ ಹಿಂದಿನ ಎಡಗಾಲಿ ಮಾತ್ರ ನಿಂತು ಗಾಡಿ ಗಕ್ಕನೆ ಎಡಕ್ಕೆ ಹೊರಳುತ್ತದೆ. ಒಂದು ದಿನ ಎಡಬ್ರೇಕಿನಿಂದ ಕೈ ತೆಗೆದರೂ ಅದು ಗಾಲಿಯನ್ನು ಬಿಡಲಿಲ್ಲ. ಗಾಡಿ ನದಿಯ ಕಡೆಗೇ ಎಳೆಯಿತು. ಮತ್ತಿಮರವೊಂದು ಅಡ್ಡ ಬಂದು ತಡೆಯಿತು. ಪಕ್ಕದಲ್ಲಿ ಹೆಂಡತಿ ಇದ್ದಳು.

ಮಾರನೆಯ ದಿನವೇ ಮಕ್ಕಳಿರುವ ಒಂದು ಕುಟುಂಬ ಬರುವುದಿತ್ತು. ಬಗ್ಗಿಯನ್ನು ಟ್ರಾಲಿಯಲ್ಲಿ ಹೇರಿಕೊಂಡು ಹಳಿಯಾಳಕ್ಕೆ ಹೋದೆವು. ಮಿಸ್ತ್ರಿ ಹಿಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ, ಹೆಂಡತಿಗೆ ಒಂದೊಂದೇ ಬ್ರೇಕು ಎಳೆದು ಬಿಡಲು ಹೇಳಿದರು. ಬಲಗಾಲಿ ತಿರುಗಿತು. ಎಡದ್ದು ಮಿಸುಕಲಿಲ್ಲ. ಎಡಬ್ರೇಕಿನ ಎಣ್ಣೆ ಬಟ್ಟಲಿನ ಮುಚ್ಚಳ ತೆಗೆದರು. ಒಳಗಿನ ರಬ್ಬರು ಉಬ್ಬಿತ್ತು. ಮೂಸಿ ನೋಡಿದರು.

“ಏನ ಹಾಕಿದಿ ಇದಕ್ಕ, ತಮ್ಮಾ?”

“ಏನೂ ಇಲ್ಲ ಕಾಕಾ.”

ಬಗ್ಗಿಯ ಚಾವಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. “ಇರ್ಲಿ. ನಿನಗ ನೆನಪಾಗೂತನಕ ಇದು ನನ್ನ ಹತ್ರ ಇರ್ತೈತಿ.”

ಹೊಸ ಸಾಮಾನು ಮಾರಲು ಆಟ ಹೂಡಿದ್ದಾರೆ ಎಂದು ನನಗೆ ಮೊದಲು ಗುಮಾನಿ. ಆದರೆ ಎಡಬ್ರೇಕಿನ ಎಣ್ಣೆ ಕಡಿಮೆಯಾದಾಗ ನಾನು ಹಾಕಿದ್ದು ಮನೆಯ ಟ್ರ್ಯಾಕ್ಟರಿನ ಬ್ರೇಕಿಗೆ ಹಾಕುವ ಎಣ್ಣೆ. ಕಬ್ಬಿನ ಮನೆಯವನಿಗೆ ಬ್ರೇಕ್ ಎಣ್ಣೆ ಅಂದರೆ ಅದೊಂದೇ ಡಬ್ಬಿ. ಬೇರೆ ಎಣ್ಣೆಗೆಂದು ಮಾಡಿದ ಬಗ್ಗಿಯ ರಬ್ಬರು ಅದನ್ನು ಕುಡಿದು ಉಬ್ಬಿ, ಗಾಲಿಯನ್ನು ಕಚ್ಚಿ ಹಿಡಿದಿತ್ತು.

ಚಹಾ ಕುಡಿದು ಬಂದು ನಾನು ಒಪ್ಪಿಕೊಂಡೆ. ಅವರು ರಬ್ಬರೆಲ್ಲ ಬದಲಿಸಿ ಚಾವಿ ಕೊಟ್ಟರು. ಇದು ನನ್ನ ನೆನಪು. ಹೆಂಡತಿ ಹೇಳುವುದೇ ಬೇರೆ: ನಾನು ಚಹಾದಂಗಡಿಯಿಂದ ಏಳಲೇ ಇಲ್ಲ, ಮಕ್ಕಳು ಬರುತ್ತಾರೆಂದು ಹೆದರಿ ಡಬ್ಬಿಯ ವಿಷಯ ಹೇಳಿದವಳು ಅವಳು.

ಮಿಸ್ತ್ರಿ ಹೋದ ವರ್ಷ ತೀರಿಕೊಂಡರು. ಇದ್ದಿದ್ದರೆ ಇಬ್ಬರಲ್ಲಿ ಯಾರ ಮಾತು ಸುಳ್ಳು ಅನ್ನುತ್ತಿದ್ದರೋ ನನಗೆ ಗೊತ್ತು.

ದಿನಾ ಮುಂಜಾನೆ ಜನ ಹತ್ತುವ ಮೊದಲು, ಕೈಬ್ರೇಕು ಮುಟ್ಟದೆ ಖಾಲಿ ಬಗ್ಗಿಯನ್ನು ಒಂದು ಸುತ್ತು ಓಡಿಸುತ್ತೇನೆ. ಇಳಿದು ಎಡಗಾಲಿಗೆ ಬೆರಳ ಹಿಂಭಾಗ ತಾಗಿಸುತ್ತೇನೆ. ತಣ್ಣಗಿರುತ್ತದೆ. ಆದರೆ ಓಡಿಸುವವನು ನಾನೇ ತಾನೇ. ಆಮೇಲೆ ಹೆಂಡತಿಯನ್ನು ಕರೆದು ಮುಟ್ಟಿಸುತ್ತೇನೆ.